ಬೆಸಗರಹಳ್ಳಿಯ ಕೊಟ್ಟಿಗೆಯಲ್ಲೊಂದು ಫಿಯೆಟ್

ಮದ್ದೂರಿನಲ್ಲಿ ಬಸ್ಸಿಳಿದವರೆಲ್ಲ ವಡೆ ತಿನ್ನುತ್ತಾರೆ. ನಾನು ಒಂದು ಕಿಲೋ ವಾಷಿಂಗ್ ಸೋಡಾ, ಎರಡು ತಂತಿ ಬ್ರಷ್ಷು, ಹತ್ತು ಹಾಳೆ ಉಪ್ಪುಕಾಗದ ಕೊಂಡೆ. ವಡೆಯನ್ನೂ ತಿಂದೆ ಅನ್ನಿ. ಅಲ್ಲಿಂದ ಕೊಪ್ಪದ ಕಡೆಯ ಬಸ್ಸು ಹಿಡಿದರೆ ಬೆಸಗರಹಳ್ಳಿ ದೂರವೇನಲ್ಲ. ಎರಡೂ ಬದಿಗೆ ಕಬ್ಬು, ಭತ್ತ, ನಡುನಡುವೆ ತೆಂಗು. ಕಬ್ಬು ಅರೆಯುವ ಕಾಲವಾದರೆ ಆಲೆಮನೆಯ ಪಾಕದ ವಾಸನೆ ಟಿಕೆಟ್ಟಿಲ್ಲದೆ ಬಸ್ಸು ಹತ್ತಿ ಕೂರುತ್ತದೆ. ಓದುಗರಿಗೆ ಈ ಊರಿನ ಹೆಸರು ಪರಿಚಯವಾದದ್ದು ವೈದ್ಯ, ಕಥೆಗಾರ ಡಾ. ಬೆಸಗರಹಳ್ಳಿ ರಾಮಣ್ಣನವರಿಂದ (1938–1998). ನನಗೆ ಇದು ಮಾವನ ಮನೆ.

ಮಾವನವರು ಹೋದ ಮೇಲೆ ಅವರ 1966ರ ಫಿಯೆಟ್ 1100 ಡಿಲೈಟ್ ಕೊಟ್ಟಿಗೆ ಸೇರಿತ್ತು. ಮುಂಬೈಯ ಪ್ರೀಮಿಯರ್ ಆಟೊಮೊಬೈಲ್ಸ್ ಈ ಮಾದರಿಯನ್ನು 1964ರಿಂದ ತಯಾರಿಸಿತು. ಮುಂದೆ ಪ್ರೆಸಿಡೆಂಟ್, ಬಳಿಕ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡದ್ದೂ ಇದೇ. ಒಂದು ಕಡೆ ಎಮ್ಮೆ, ಇನ್ನೊಂದು ಕಡೆ ಹುಲ್ಲು, ನಡುವೆ ಕಾರು. ಗಂಜಲದ ತೇವ, ಅದರ ಲವಣ, ಒದ್ದೆ ಹುಲ್ಲಿನ ಶಾಖ ಎಲ್ಲ ಸೇರಿದರೆ ಕಬ್ಬಿಣಕ್ಕೆ ಅದಕ್ಕಿಂತ ಕೆಟ್ಟ ಮನೆ ಬೇರೆ ಬೇಕಿಲ್ಲ. ಧೂಳು ಕೂರದಿರಲೆಂದು ನಾನೇ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ, ರಾತ್ರಿಯ ಆವಿಯನ್ನು ಒಳಗೇ ಹಿಡಿದಿಟ್ಟು ಉಪಕಾರ ಮಾಡಿತ್ತು.

ನನ್ನ ಅಪರಾಧ ಅಷ್ಟಕ್ಕೇ ನಿಲ್ಲುವುದಿಲ್ಲ. ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ, ಗಾಳಿ ಮತ್ತು ನೀರು ಎರಡೂ ಸಿಕ್ಕ ಮೊಳೆಗೇ ತುಕ್ಕು ಹಿಡಿಯುತ್ತದೆಂದು ವರ್ಷ ವರ್ಷವೂ ಮಕ್ಕಳಿಗೆ ತೋರಿಸುವ ನಾನು, 2016ರಲ್ಲಿ ಮನೆಯ ಮದುವೆಯೊಂದಕ್ಕೆ ಕಾರು ಚೆನ್ನಾಗಿ ಕಾಣಲೆಂದು ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿಸಿ ಬಣ್ಣ ಹೊಡೆಸಿದೆ. ಎರಡು ಮಳೆಗಾಲ ಕಳೆಯುವುದರೊಳಗೆ ಬಣ್ಣದಲ್ಲಿ ಬೊಕ್ಕೆ ಎದ್ದವು. ತುಕ್ಕು ಸ್ಪಂಜಿನಂತೆ ನೀರು ಹೀರುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮೇಲಿನ ಬಣ್ಣವನ್ನು ಎತ್ತಿ ಒಗೆಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಇದು.

ಟಿಂಕರಿಂಗ್ ಮಾಡುವ ಹಿರಿಯರೊಬ್ಬರನ್ನು ಕರೆತಂದೆ. ಬಾಗಿಲ ಕೆಳಗಿನ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ‘ಮೇಷ್ಟ್ರೇ, ಹುಣ್ಣಿನ ಮ್ಯಾಲೆ ಪೌಡರ್ ಬಳುದ್ರೆ ವಾಸಿಯಾಯ್ತದಾ?’ ಎಂದರು. ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನುಮೂಳೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ ಕೊಳೆತರೆ ಕಾರು ನಡುವೆ ಬಾಗುತ್ತದೆ. ಗುಜರಿಯವನು ಆಗಲೇ ತೂಕದ ಲೆಕ್ಕದಲ್ಲಿ ಕೇಳಿ ಹೋಗಿದ್ದ. ಅತ್ತೆ ಏನೂ ಹೇಳಲಿಲ್ಲ. ಕಾರಿನ ಬೀಗದ ಕೈ ಮಾತ್ರ ಅವರ ಸೊಂಟದಲ್ಲೇ ಇತ್ತು.

ಆ ವಾರ ಶ್ರೀರಂಗಪಟ್ಟಣದ ಬಳಿ ಮೈಸೂರು ರಸ್ತೆಯಲ್ಲಿರುವ ‘ಪಯಣ’ಕ್ಕೆ ಹೋಗಿಬಂದೆ. ಧರ್ಮಸ್ಥಳದವರ ಹಳೆಯ ಕಾರುಗಳ ಸಂಗ್ರಹಾಲಯ ಅದು. ಜನ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ನಾನು ಬಗ್ಗಿ ಬಾಗಿಲುಗಳ ಕೆಳಗಂಚು ನೋಡುತ್ತಿದ್ದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಚಾಸಿ, ಮೈ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಅಂದರೆ ಕಂಡಕಂಡಲ್ಲಿ ಕತ್ತರಿಸುವಂತಿಲ್ಲ. ಉಳಿದಿರುವ ಕಬ್ಬಿಣವನ್ನು ಉಳಿಸಿಕೊಂಡೇ ತುಕ್ಕನ್ನು ತೆಗೆಯಬೇಕು.

ಮೊದಲು ನೆನಪಾದದ್ದು ಕಕ್ಕಸು ತೊಳೆಯುವ ಆಸಿಡ್. ಅದು ತುಕ್ಕನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ, ಸಂದಿಯಲ್ಲಿ ಕ್ಲೋರೈಡ್ ಬಿಟ್ಟು ಹೊಸ ತುಕ್ಕಿಗೆ ಬೀಜ ಬಿತ್ತುತ್ತದೆ. ಬೇಡ. ಹಳೆ ಕಾರಿನವರು ಬೇರೆ ದೇಶಗಳಲ್ಲಿ ಬಳಸುವ ಮದ್ದು ನಮ್ಮ ಸೀಮೆಯದೇ: ಕಾಕಂಬಿ. ಒಂದು ಪಾಲು ಕಾಕಂಬಿಗೆ ಸುಮಾರು ಒಂಬತ್ತು ಪಾಲು ನೀರು, ಎರಡು ಮೂರು ವಾರದ ತಾಳ್ಮೆ. ಅದರಲ್ಲಿರುವ ಕೆಲವು ಸಂಯುಕ್ತಗಳು ತುಕ್ಕಿನ ಕಬ್ಬಿಣವನ್ನು ಏಡಿಯ ಕೊಂಡಿಯಂತೆ ಹಿಡಿದು ನೀರಿಗೆಳೆಯುತ್ತವೆ. ಗಟ್ಟಿ ಕಬ್ಬಿಣದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಆದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಅಬಕಾರಿ ಕಾನೂನಿನ ಸರಕು. ಮೇಷ್ಟ್ರು ಕ್ಯಾನು ಹಿಡಿದು ಗೇಟಿನಲ್ಲಿ ನಿಂತರೆ ಅನುಮಾನ ಬರುವುದು ಬೇರೆ ವಿಷಯಕ್ಕೆ. ಬೆಲ್ಲದಲ್ಲಿ ಆ ಅಂಶ ಬೇರ್ಪಡದೆ ಉಳಿದಿರುತ್ತದಲ್ಲ ಎಂದು, ನೀರು ಬಿಟ್ಟು ಯಾರಿಗೂ ಬೇಡವಾದ ಕರಿಬೆಲ್ಲವನ್ನೇ ಆಲೆಮನೆಯಿಂದ ತಂದು ಡ್ರಮ್ಮಿನಲ್ಲಿ ದಪ್ಪಗೆ ಕರಗಿಸಿದೆವು. ಸೋಡಾ ನೀರಿನಲ್ಲಿ ಜಿಡ್ಡು ತೊಳೆದ ಕೀಲು, ಬ್ರಾಕೆಟ್ಟು, ಬಂಪರಿನ ಕೊಂಡಿ ಎಲ್ಲ ಅದರೊಳಗೆ. ನಾಲ್ಕನೆಯ ದಿನಕ್ಕೇ ಹುಳಿವಾಸನೆ ಹೊರಟು ಪಕ್ಕದ ಮನೆಯವರು ವಿಚಾರಿಸಿಕೊಂಡು ಹೋದರು. ಹದಿನೆಂಟನೆಯ ದಿನ ತೆಗೆದು ತೊಳೆದಾಗ ಬೂದುಬಣ್ಣದ ಶುದ್ಧ ಕಬ್ಬಿಣ. ಅಲ್ಯುಮಿನಿಯಂ, ಸತುವಿನ ಎರಕ ಮಾತ್ರ ಅದರ ಹತ್ತಿರ ಸುಳಿಯಬಾರದು, ಕರಗಿಹೋಗುತ್ತದೆ.

ಕಾರನ್ನೇ ಡ್ರಮ್ಮಿಗೆ ಇಳಿಸಲಾಗುವುದಿಲ್ಲವಲ್ಲ. ಮೈಯ ಭಾಗಕ್ಕೆ ತಂತಿ ಬ್ರಷ್ಷು, ಉಪ್ಪುಕಾಗದ, ನಮ್ಮ ರಟ್ಟೆ. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಸವರಿದರೆ ಕಬ್ಬಿಣದ ಫಾಸ್ಫೇಟಿನ ಪದರ ಉಳಿಯುತ್ತದೆ. ಸುಮಾರು 1600 ವರ್ಷದ ದೆಹಲಿಯ ಕಂಬವನ್ನು ಕಾಪಾಡಿದ್ದರಲ್ಲೂ ಅದರೊಳಗಿನ ರಂಜಕದ ಪಾಲು ದೊಡ್ಡದು. ಟ್ಯಾನಿನ್ ಇರುವ ಮದ್ದು ತುಕ್ಕನ್ನು ಕಪ್ಪಾಗಿಸಿ ಗಟ್ಟಿ ಮಾಡುತ್ತದೆ. ಟಿಂಕರ್ ಹಿರಿಯರಿಗೆ ಇದನ್ನು ವಿವರಿಸಹೊರಟರೆ, ‘ಅಳಲೆಕಾಯಿ ಮಸಿ ಅನ್ನಿ’ ಎಂದುಬಿಟ್ಟರು. ಅಳಲೆಕಾಯಿಯ ಒಗರೂ ಕಬ್ಬಿಣವೂ ಸೇರಿಯೇ ಹಳಬರ ಮಸಿ. ನನಗೆ ಹೊಳೆದಿರಲಿಲ್ಲ.

ತೀರ ಕೊಳೆತ ಪಟ್ಟಿಯನ್ನು ಮಾತ್ರ ಕತ್ತರಿಸಿ, ಅದೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಬಡಿದು ಬೆಸೆದರು. ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಕಂಬಿ ಕೊಟ್ಟಿದ್ದರು, ಮೈ ತಿರುಚದಿರಲೆಂದು. ಶುಭ್ರವಾದ ತಗಡು ಒಂದು ರಾತ್ರಿಯ ತೇವಕ್ಕೇ ಕೆಂಪಾಗುತ್ತದೆ, ಆದ್ದರಿಂದ ಸಂಜೆಯೊಳಗೆ ಸತುವಿನ ಪ್ರೈಮರ್. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಟೊಳ್ಳುಗಳ ಒಳಕ್ಕೆ ತೆಳುವಾದ ಮೇಣ ಚಿಮುಕಿಸಿದೆವು. ಅಡಿಗೆ ಡಾಂಬರು ಬಳಿಯೋಣವೆಂದೆ. ಬಿರುಕು ಬಿಟ್ಟರೆ ನೀರು ಅದರ ಹಿಂದೆಯೇ ನಿಲ್ಲುತ್ತದೆಂದು ಹಿರಿಯರು ಒಪ್ಪಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಬಾಗಿಲಿನ ತಳದಲ್ಲಿ ಕಡ್ಡಿ ಆಡಿಸಿದರೆ ಮಣ್ಣು ಕಟ್ಟಿದ್ದ ಮೂರು ಪುಟ್ಟ ರಂಧ್ರ ಸಿಕ್ಕವು. ಕಿಟಕಿಯ ಗಾಜಿನಿಂದ ಇಳಿಯುವ ನೀರು ಹೊರಹೋಗಲೆಂದು ಕಾರ್ಖಾನೆಯವರೇ ಬಿಟ್ಟದ್ದು. ಇಷ್ಟು ವರ್ಷ ಒಂದು ಹಂಚಿಕಡ್ಡಿಯಿಂದ ಅವನ್ನು ಬಿಡಿಸಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಬಣ್ಣ ಇನ್ನೂ ಆಗಿಲ್ಲ. ಬೂದು ಪ್ರೈಮರಿನಲ್ಲೇ ಕಾರು ಕೊಟ್ಟಿಗೆಯಿಂದ ಈಚೆಗೆ ಬಂದು ಜಗಲಿಯ ಮುಂದೆ ನಿಂತಿದೆ. ಮೊನ್ನೆ ಅತ್ತೆ ಹತ್ತಿರ ಹೋಗಿ ಮುಂಬಾಗಿಲನ್ನು ತೆಗೆದು ಹಾಕಿದರು. ಮತ್ತೊಮ್ಮೆ ತೆಗೆದು ಹಾಕಿದರು. ‘ಸದ್ದು ಹಂಗೇ ಅದೆ’ ಎಂದು ಒಳಗೆ ಹೋದರು.

ಡಿಕ್ಕಿಯ ಕೀಲುಗಳು ಇನ್ನೂ ಬೆಲ್ಲದ ನೀರಿನಲ್ಲಿವೆ. ಬರುವ ಭಾನುವಾರ ತೆಗೆಯಬೇಕು.