ಅಜ್ಜನ ಸೈಕಲ್ಲು

ನಮ್ಮ ಮನೆಯ ಸೈಕಲ್ಲು ಅಜ್ಜನ ಕಾಲದ್ದು. ಅಪ್ಪ ಅದರ ಮೇಲೆಯೇ ಸೀರೆಯ ಗಂಟು ಹೇರಿಕೊಂಡು ಗಜೇಂದ್ರಗಡದಿಂದ ರೋಣ, ನರಗುಂದ ತಿರುಗಿ ಬಂದವರು.

ಈ ಸಲದ ರಜೆಯಲ್ಲಿ ಅದನ್ನು ಹೊಸದು ಮಾಡುವ ಹುರುಪು ನನಗೆ ಹುಟ್ಟಿತು. ಪಾಲಿಶ್ ಕಾಗದದಿಂದ ತುಕ್ಕು ತಿಕ್ಕಿದೆ. ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಹಸಿರು ಬಣ್ಣ ಕೊಟ್ಟೆ. ವಿಜಯಪುರದ ಕಡೆಯ ಪಟುಗಳ ಓಟದ ಸೈಕಲ್ಲಿನಂತೆ ಪೆಡಲು ಗಾಲಿಯೊಡನೆಯೇ ತಿರುಗಲೆಂದು ಫ್ರೀವೀಲನ್ನು ವೆಲ್ಡಿಂಗ್ ಮಾಡಿಸಿದೆ. ಮುಂದೆ 44 ಹಲ್ಲು, ಹಿಂದೆ 18; ಪೆಡಲಿನ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು. ಲೆಕ್ಕವೇನೋ ಸರಿಯಾಗಿಯೇ ಇತ್ತು!

ಗುಡ್ಡದ ಇಳಿಜಾರಿನಲ್ಲಿ ಕಾಲು ನಿಲ್ಲಿಸಿದೆ, ಪೆಡಲು ನಿಲ್ಲಲಿಲ್ಲ. ಕಾಲನ್ನೇ ಎತ್ತಿ ಒಗೆಯಿತು. ಹಿಂದಕ್ಕೆ ಒತ್ತಿದೆ, ಫ್ರೀವೀಲೇ ಹಬ್ಬಿನಿಂದ ಬಿಚ್ಚಿಕೊಳ್ಳತೊಡಗಿತು. ಓಟದ ಸೈಕಲ್ಲಿಗೆ ಅದನ್ನು ತಡೆಯಲು ವಿರುದ್ಧ ದಿಕ್ಕಿಗೆ ಬಿಗಿಯುವ ಬಳೆಯೊಂದಿರುತ್ತದೆಂದು ನಾನು ತಿಳಿದದ್ದು ಆಮೇಲೆ. ಬ್ರೇಕು ತೆಗೆದಿರಲಿಲ್ಲ, ಬದುಕಿದೆ.

ಮನೆಯಲ್ಲಿ ಅಪ್ಪ ಬೈಯಲಿಲ್ಲ. ಚೈನಿನ ಕವರನ್ನು ಕೈಯಿಂದ ಸವರಿ, "ತಮ್ಮಾ, ಇಲ್ಲಿ ನಿಮ್ಮಜ್ಜನ ಹೆಸರಿತ್ತಲ್ಲೋ" ಎಂದರು. ಓದು ಬಾರದ ಅವರು ಗುರುತು ಹಿಡಿಯುತ್ತಿದ್ದ ಅಕ್ಷರಗಳು ಅವಷ್ಟೇ. ಬಿ.ಎ. ತನಕ ಓದಿದ ನಾನೇ ಅವನ್ನು ತಿಕ್ಕಿ ಅಳಿಸಿದ್ದೆ.

ಮರುದಿನ ಹೊಸ ಫ್ರೀವೀಲು ಹಾಕಿಸಿದೆ. ಬಿಳಿ ಬಣ್ಣ ತಂದು ಅಜ್ಜನ ಹೆಸರು ಬರೆಯಲು ಕುಳಿತೆ. ಅಪ್ಪ ಬೆನ್ನ ಹಿಂದೆ ನಿಂತು ನೋಡಿದರು. ಕೊನೆಗೆ ಬೆರಳು ಚಾಚಿ, "ಈ ಅಕ್ಷರದ ಬಾಲ ಇನ್ನಾ ಉದ್ದ ಇತ್ತು ನೋಡು" ಎಂದು ತಿದ್ದಿದರು.

ಉದ್ದ ಮಾಡಿದೆ.