ಗಣಕಯಂತ್ರದ ತಾಪ

ಶ್ರೀಮಠದ ಪ್ರೌಢಶಾಲೆಯ ಕಾರ್ಯಾಲಯದಲ್ಲಿ ಹಳೆಯ ದಾಖಲಾತಿ ಪುಸ್ತಕಗಳ ಪುಟಗಳನ್ನು ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಕಾಪಿಡುವ ಕಾರ್ಯವು 2023ರ ಬೇಸಗೆಯ ರಜೆಯಲ್ಲಿ ನಡೆದಿತ್ತು. ಗೆದ್ದಲಿಗೆ ಅರ್ಧ ಆಹುತಿಯಾಗಿದ್ದ ಆ ಪುಸ್ತಕಗಳು ಇನ್ನೊಂದು ಮಳೆಗಾಲವನ್ನು ತಾಳುವ ಭರವಸೆಯಿರಲಿಲ್ಲ. ಪ್ರಸಾದನಿಲಯದಲ್ಲಿ ಉಂಡು ಕಲಿತುಹೋದ ಎಷ್ಟೋ ಮಕ್ಕಳ ಊರು, ತಂದೆಯ ಹೆಸರು ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ದಾಖಲಾಗಿರಲಿಲ್ಲ. ನಿವೃತ್ತ ಗುಮಾಸ್ತರು ಭೂತಗನ್ನಡಿ ಹಿಡಿದು ಓದುವರು. ವಿಜ್ಞಾನದ ಉಪಾಧ್ಯಾಯರು ಬೆರಳಚ್ಚಿಸುವರು. ಆದರೆ ನೂರಾರು ಚಿತ್ರಗಳನ್ನು ಒಮ್ಮೆಗೇ ತಿಳಿಗೊಳಿಸಲು ತೊಡಗಿದೊಡನೆ ಯಂತ್ರವು ಕುದಿದು, ತಾನಾಗಿಯೇ ಆರಿಹೋಗುತ್ತಿತ್ತು.

ಧೂಳು ಕೊಡವಿದ್ದಾಯಿತು. ಹೊಸ ಫ್ಯಾನು ತಂದದ್ದೂ ಆಯಿತು. ಫಲ ಶೂನ್ಯ. ವಿಚಿತ್ರವೆಂದರೆ, ಪೆಟ್ಟಿಗೆ ಮುಟ್ಟಲಾರದಷ್ಟು ಬಿಸಿಯಾದಾಗಲೂ ಆ ಫ್ಯಾನು ಜೋಗುಳಕ್ಕೆ ತೊಟ್ಟಿಲು ತೂಗಿದಂತೆ ಮೆಲ್ಲಗೆ ತಿರುಗುತ್ತಿತ್ತು.

ಇಂಥ ಫ್ಯಾನಿಗೆ ನಾಲ್ಕು ತಂತಿಗಳಿರುತ್ತವೆ. ಎರಡು 12 ವೋಲ್ಟಿನ ವಿದ್ಯುತ್ತಿಗೆ; ಮೂರನೆಯದು ತಾನು ಎಷ್ಟು ವೇಗವಾಗಿ ತಿರುಗುತ್ತಿದ್ದೇನೆಂದು ವರದಿ ಒಪ್ಪಿಸುತ್ತದೆ; ನಾಲ್ಕನೆಯದರಲ್ಲಿ ಆಜ್ಞೆ ಬರುತ್ತದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಆ ಆಜ್ಞೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಮಾತ್ರ. ತಾಪವನ್ನು ಅಳೆಯುವ ಪ್ರತಿಯೊಂದು ಡ್ರೈವರಿಗೂ ಅಲ್ಲಿ ಒಂದೊಂದು ಕಡತಕೋಶವುಂಟು. ತಾಪವನ್ನು ಡಿಗ್ರಿಯ ಸಾವಿರದ ಒಂದಂಶದ ಲೆಕ್ಕದಲ್ಲಿ ಬರೆಯುವುದರಿಂದ 45000 ಎಂದಿದ್ದರೆ 45 ಡಿಗ್ರಿ ಎಂದರ್ಥ. ಆ ಕೋಶಗಳಿಗೆ ಹೆಚ್‌ಡಬ್ಲ್ಯುಮಾನ್ 0, 1, 2 ಎಂದು ಸಂಖ್ಯೆ ಬೀಳುವುದು, ಯಂತ್ರ ಎಚ್ಚರಗೊಳ್ಳುವಾಗ ಯಾವ ಡ್ರೈವರು ಮೊದಲು ಬಂತೋ ಆ ಸರದಿಯಲ್ಲಿ.

ಹಿಂದೆ ಒಬ್ಬ ವಿದ್ಯಾರ್ಥಿ, ಫ್ಯಾನಿನ ಸದ್ದು ಪಾಠಕ್ಕೆ ಅಡ್ಡಿಯಾಗಬಾರದೆಂಬ ಸದುದ್ದೇಶದಿಂದ, ಹತ್ತು ಸಾಲಿನ ಒಂದು ಕ್ರಮವಿಧಿಯನ್ನು ಬರೆದಿಟ್ಟು ಹೋಗಿದ್ದನು. 2ನೆಯ ಕೋಶದ ತಾಪವನ್ನು ಓದು. ಕಡಿಮೆಯಿದ್ದರೆ ಫ್ಯಾನನ್ನು ನಿಧಾನಗೊಳಿಸು. ಇಷ್ಟೇ ಅದರ ಸಾರ. ಅಂದು 2ನೆಯದು ಪ್ರೊಸೆಸರಿನದೇ ಆಗಿತ್ತು. ಛಾಯಾಚಿತ್ರಗಳಿಗೆ ಎಡೆ ಸಾಲದೆಂದು ದಾನಿಗಳೊಬ್ಬರು ಎನ್‌ವಿಎಂಇ ಎಂಬ ಜಾತಿಯ ವೇಗದ ಡಿಸ್ಕೊಂದನ್ನು ಕೊಡಿಸಿದರು. 2020ರಲ್ಲಿ ಬಂದ ಲಿನಕ್ಸ್ 5.5ರಿಂದೀಚೆಗೆ ಇಂಥ ಡಿಸ್ಕುಗಳೂ ತಮ್ಮ ತಾಪವನ್ನು ಇದೇ ಸಾಲಿನಲ್ಲಿ ಕುಳಿತು ಹೇಳಬಲ್ಲವು. ಹೊಸಬ ಬಂದು 2ರಲ್ಲಿ ಕುಳಿತನು; ಪ್ರೊಸೆಸರು 3ಕ್ಕೆ ಸರಿಯಿತು.

ಉಪಾಧ್ಯಾಯರಿಗೆ ಇದು ತಿಳಿದದ್ದು ‘ಸೆನ್ಸರ್ಸ್’ ಎಂಬ ಆದೇಶ ಕೊಟ್ಟಾಗ. ಅದು ಸಂಖ್ಯೆಯಿಂದಲ್ಲ, ಹೆಸರಿನಿಂದ ಪಟ್ಟಿ ಕೊಡುತ್ತದೆ. ಕೋರ್‌ಟೆಂಪ್ ಎಂಬ ಪ್ರೊಸೆಸರಿನ ಡ್ರೈವರು 97 ಡಿಗ್ರಿ ಎನ್ನುತ್ತಿತ್ತು. ಎನ್‌ವಿಎಂಇ 41 ಎನ್ನುತ್ತಿತ್ತು. ಫ್ಯಾನಿಗೆ ತಲುಪುತ್ತಿದ್ದುದು ಆ 41. ಯಾವ ಡ್ರೈವರೂ ಸುಳ್ಳಾಡಿರಲಿಲ್ಲ. ಆದುದರಿಂದಲೇ ತೆರೆಯ ಮೇಲೆ ಒಂದು ದೋಷಸೂಚನೆಯೂ ಮೂಡಿರಲಿಲ್ಲ.

ಕೇಳುತ್ತ ಕುಳಿತಿದ್ದ ಗುಮಾಸ್ತರು ನಕ್ಕರು: “ಹಂಗಾದ್ರ ಇದು ಹಾಜರಿ ಪುಸ್ತಕದ ತಂಟೆ ಆತ್ರಿ ಮಾಸ್ತರ. ನಡುವರ್ಷ ಹೊಸಾ ಹುಡುಗ ಸೇರ್ಯಾನ, ನಂಬರೆಲ್ಲಾ ಸರದಾವ. ನಾವು ಹಳೇ ನಂಬರಿನ ಮ್ಯಾಲೇ ಅಂಕ ಬರಕೋತ ಕುಂತೇವಿ.”

ವಚನಗಳ ಓಲೆಗಳನ್ನು ತಿದ್ದಿದವರಿಗೂ ಈ ತೊಡಕು ಅಪರಿಚಿತವಲ್ಲ. ಕಟ್ಟಿನಲ್ಲಿ ಗರಿ ಹಿಂದುಮುಂದಾಗಿದ್ದರೂ ಗುಹೇಶ್ವರ ಎಂಬ ಅಂಕಿತ ಕಂಡರೆ ಅದು ಅಲ್ಲಮಪ್ರಭುವಿನದೆಂದು ಹಿಡಿಯುವರೇ ಹೊರತು ಗರಿಯ ಎಣಿಕೆಯನ್ನು ನೆಚ್ಚುವುದಿಲ್ಲ. ಡ್ರೈವರಿನ ಕೋಶದೊಳಗೂ ‘ನೇಮ್’ ಎಂಬೊಂದು ಪುಟ್ಟ ಕಡತವಿದ್ದು, ಅದರಲ್ಲಿ ಅದರ ಅಂಕಿತವಿರುತ್ತದೆ. ಹುಡುಗನು ಅದನ್ನು ಓದಿಸಿರಲಿಲ್ಲ, ಅಷ್ಟೆ.

ಉಪಾಧ್ಯಾಯರು ಆ ಹತ್ತು ಸಾಲುಗಳನ್ನು ತೆಗೆದುಹಾಕಿ, ‘ಪಿಡಬ್ಲ್ಯುಎಂಕಾನ್ಫಿಗ್’ ಎಂಬ ಸಾಧನವನ್ನು ನಡೆಸಿದರು. ಯಾವ ಆಜ್ಞೆ ಯಾವ ಫ್ಯಾನಿನದೆಂದು ಅರಿಯಲು ಅದು ಫ್ಯಾನುಗಳನ್ನು ಒಂದೊಂದಾಗಿ ಕೆಲವು ಕ್ಷಣ ನಿಲ್ಲಿಸಿ ನೋಡುತ್ತದೆ. ಆದಕಾರಣ ಯಂತ್ರ ತಣ್ಣಗಿದ್ದ ಬೆಳಗಿನ ಹೊತ್ತನ್ನೇ ಆರಿಸಿಕೊಂಡರು. ಅದು ಬರೆದುಕೊಟ್ಟ ವಿಧಿಯನ್ನು ನಡೆಸುವ ‘ಫ್ಯಾನ್‌ಕಂಟ್ರೋಲ್’, ಸಂಖ್ಯೆಯ ಜೊತೆಗೆ ಹೆಸರನ್ನೂ ತಾಳೆ ನೋಡುತ್ತದೆ. ಹೊಂದದಿದ್ದರೆ ಕೆಲಸಕ್ಕೇ ಇಳಿಯುವುದಿಲ್ಲ. ಅಂಥ ಹಟಮಾರಿತನ ಯಂತ್ರಕ್ಕೆ ಒಪ್ಪುತ್ತದೆ.

ಅಂದು ಮಧ್ಯಾಹ್ನ ಚಿತ್ರಗಳ ಕಂತೆಯನ್ನು ಕೊಟ್ಟೊಡನೆ ಫ್ಯಾನು ಭೋರೆಂದು ಎದ್ದಿತು. ಸಂಜೆ ಐದಾದರೂ ಯಂತ್ರ ಆರಲಿಲ್ಲ. ಗುಮಾಸ್ತರು ಆ ಸದ್ದನ್ನು ಮೀರುವಂತೆ ದನಿಯೇರಿಸಿ, 1958ರ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು.