ಹೆರಳು ಬಿಚ್ಚುವ ಸುಖ

ಹೆರಳು ಹಾಕುವ ಕೈಗಳಿಗೆ ನಮ್ಮ ಕಡೆ ದೊಡ್ಡ ಹೆಸರು. ಕುಬಸಕ್ಕೆ, ಮದುವೆಗೆ ಚವರಿ ಸೇರಿಸಿ, ಮೊಗ್ಗು ಪೋಣಿಸಿ ಹೆಣೆಯುವವರನ್ನು ಹುಡುಕಿ ಕರೆತರುತ್ತಾರೆ. ಬಿಚ್ಚುವುದಕ್ಕೆ ಮಾತ್ರ ಯಾರನ್ನೂ ಕರೆಯುವುದಿಲ್ಲ. ನನ್ನ ಜೀವ ಇರುವುದು ಆ ಬಿಚ್ಚುವ ಕೆಲಸದಲ್ಲೇ.

ಗಂಗಾವತಿಯ ಎಡದಂಡೆ ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗಿ ಕುಷ್ಟಗಿಗೆ ತಿರುಗಿ ಬಂದ ಚಿಗವ್ವನ ತಲೆ ಸಿಕ್ಕರೆ ನನಗೆ ಹಬ್ಬ. ಕೆಸರು, ಬಿಸಿಲು ತಾಗದಿರಲೆಂದು ಬಿಗಿಯಾಗಿ ಹೆಣೆದು, ತುರುಬು ಸುತ್ತಿ, ಮೇಲೊಂದು ಟವೆಲ್ಲು ಕಟ್ಟಿಕೊಂಡು ಹೋಗಿರುತ್ತಾಳೆ. ನಾಟಿ ಮುಗಿಯುವ ತನಕ ಅದಕ್ಕೆ ಕೈ ಹಚ್ಚುವವಳಲ್ಲ. ಪಡಸಾಲೆಯಲ್ಲಿ ನನ್ನ ಮುಂದೆ ಕೂತು, "ಸಾವಕಾಶ ಯವ್ವಾ, ನೀರು ಮಾತ್ರ ಹಚ್ಚಬ್ಯಾಡ" ಅನ್ನುತ್ತಾಳೆ. ಅವಳ ಮಾತು ಖರೆ. ನೆನೆದ ಕೂದಲು ಹಿಗ್ಗುತ್ತದೆ, ಎಳೆದರೆ ಬೇಗ ಹರಿಯುತ್ತದೆ.

ರಬ್ಬರನ್ನು ನಾನು ಎಳೆಯುವುದಿಲ್ಲ, ಕತ್ತರಿಸಿಬಿಡುತ್ತೇನೆ. ಬೆರಳಿಗೆ ನಾಕು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ತುದಿಯಿಂದ ಶುರು. ಒಂದು ಎಳೆಯನ್ನು ಇನ್ನೊಂದರ ಮೇಲಿನಿಂದ ಎತ್ತಿದರೆ ಸಾಕು, ಮೂರನೆಯದು ತಾನೇ ಸಡಿಲಾಗುತ್ತದೆ. ಬುಡದಿಂದ ಹಣಿಗೆ ಹಾಕಿದರೆ ಇದ್ದ ಸಿಕ್ಕೆಲ್ಲ ಕೆಳಗೆ ಜಾರಿ ಒಂದೇ ಗಂಟಾಗುತ್ತದೆ. ಆಫ್ರಿಕಾ ಮೂಲದ ಹೆಣ್ಣುಮಕ್ಕಳು ತಮ್ಮ ಗುಂಗುರು ಕೂದಲನ್ನು ಎರಡೆಳೆಯಾಗಿ ಹೊಸೆದು, ತುದಿ ಸವೆಯದಂತೆ ವಾರಗಟ್ಟಲೆ ಹಾಗೇ ಬಿಡುತ್ತಾರೆ. ಬಿಚ್ಚುವಾಗ ಅವರದೂ ಇದೇ ಕ್ರಮ: ಎಣ್ಣೆ, ಬೆರಳು, ತುದಿಯಿಂದ ಮೇಲಕ್ಕೆ.

ಅರ್ಧ ಬಿಚ್ಚುವ ಹೊತ್ತಿಗೆ ಕೈಗೆ ಹಿಡಿಗೂದಲು ಬರುತ್ತದೆ. ಚಿಗವ್ವನ ಮುಖ ಸಣ್ಣದಾಗುತ್ತದೆ. ಒಂದು ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ; ಹೆರಳೊಳಗೆ ಸಿಕ್ಕಿಕೊಂಡಿದ್ದವು ಈಗ ಒಟ್ಟಿಗೆ ಹೊರಬಿದ್ದಿವೆ. ಒಂದನ್ನು ಬೆಳಕಿಗೆ ಹಿಡಿದು ಬುಡದ ಬಿಳಿ ಗುಂಡಿಯನ್ನು ತೋರಿಸುತ್ತೇನೆ. ಗುಂಡಿ ಇದ್ದರೆ ತಾನಾಗಿ ಉದುರಿದ್ದು, ಗಿಡ್ಡಗಿದ್ದು ಗುಂಡಿ ಇಲ್ಲದಿದ್ದರೆ ಹರಿದದ್ದು. ಹರಿದದ್ದು ಒಂದೂ ಕಾಣದ ದಿನ ನನಗಾಗುವ ಸಂತೋಷ ಇಷ್ಟಿಷ್ಟಲ್ಲ.

ಉದುರಿದ್ದನ್ನು ಯಾರೂ ಚೆಲ್ಲುವುದಿಲ್ಲ. ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿದರೆ, ಕೂದಲು ಕೊಳ್ಳುವವರು ಬಂದು ಪಿನ್ನೋ ಸ್ಟೀಲಿನ ಬಟ್ಟಲೋ ಕೊಟ್ಟು ಒಯ್ಯುತ್ತಾರೆ. ಅಂಥ ಉಂಡೆಗಳು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ ರಾಶಿಯಾಗಿ ಬೀಳುತ್ತವೆ. ಹೆಣೆದ ಹೆರಳಿಗಿಂತ ಈ ಉಂಡೆ ಬಲು ಹಟಮಾರಿ. ಕೂದಲಿನ ಮೈಮೇಲಿನ ಕಣ್ಣಿಗೆ ಕಾಣದ ಪೊರೆಗಳೆಲ್ಲ ತುದಿಯ ಕಡೆ ಮುಖ ಮಾಡಿರುತ್ತವೆ. ಉಂಡೆಯಲ್ಲಿ ಬುಡ ತುದಿ ಅದಲು ಬದಲಾಗಿ ಒಂದರ ಪೊರೆ ಇನ್ನೊಂದನ್ನು ಕಚ್ಚಿ ಹಿಡಿಯುತ್ತದೆ. ಅದನ್ನು ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಬಿಡಿಸುತ್ತಾರೆ. ಆಮೇಲೆ ಮೊಳೆಗಳ ಸಾಲಿನಲ್ಲಿ ಎಳೆದು, ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟುತ್ತಾರೆ. ವಿಗ್ಗಿಗೆಂದು ಅದು ಹೊರದೇಶಕ್ಕೂ ಹೋಗುತ್ತದೆ.

ನನಗೆ ಖುಷಿ ಕೊಡುವ ಕೆಲಸ ಅವರಿಗೆ ಕೂಲಿ. ಬಗ್ಗಿಸಿದ ಕುತ್ತಿಗೆ ನೋಯುತ್ತದೆ, ಧೂಳು ಮೂಗಿಗೆ ಅಡರುತ್ತದೆ. ಕೂದಲಿಗೆ ಕಿಲೋ ಲೆಕ್ಕದಲ್ಲಿ ಸಿಗುವ ಬೆಲೆಯಲ್ಲಿ ಆ ಬೆರಳುಗಳ ಪಾಲು ಇನ್ನೂ ದೊಡ್ಡದಾಗಬೇಕು. ಭಾಗ್ಯನಗರದಲ್ಲಿ ಒಬ್ಬ ಹಿರಿಯವ್ವ, ಗಂಟಿನ ತುದಿ ಜಗ್ಗದೆ ಅದರ ನಟ್ಟನಡುವೆ ದಬ್ಬಣ ತೂರಿಸಿ ಅಗಲಿಸುವುದನ್ನು ತೋರಿಸಿಕೊಟ್ಟಳು. ಈಗ ನನ್ನ ಹಣಿಗೆಯ ಪಕ್ಕ ಒಂದು ದಬ್ಬಣವೂ ಇರುತ್ತದೆ.